ಎರಡನೇ ಮಹಡಿಯ ದೂರು

“ಹಾಲು ಒಡೀತಂತೆ ಸಾರ್, ನಿಮ್ಮ ಕಂಬದಿಂದ,” ಅಂದ ವಾಚ್‌ಮನ್. ಅವನ ಮೀಸೆಯ ಒಂದು ತುದಿ ನಗುತ್ತಿತ್ತು, ಇನ್ನೊಂದು ತುದಿ ಕೆಲಸ ಉಳಿಸಿಕೊಳ್ಳುತ್ತಿತ್ತು.

“ಯಾರ ಮನೇಲಿ?”

“ಹಲ್ಲಿನ ಡಾಕ್ಟ್ರ ಮನೇಲಿ. ನಿನ್ನೆ ಸಂಜೆ ಏಳೂ ಹತ್ತಕ್ಕೆ ಅಂತ ಟೈಮ್ ಸಮೇತ ಬರೆದಿದಾರೆ.”

“ಏಳೂ ಹತ್ತಕ್ಕಾ? ಆರೂವರೆಗೆ ಒಡೆದಿದ್ರೆ ಹಾಲಿನ ತಪ್ಪು, ಏಳೂ ಹತ್ತಕ್ಕೆ ಒಡೆದ್ರೆ ನನ್ನ ತಪ್ಪು. ಬರೀಲಿ, ಬರೀಲಿ. ಇನ್ನೇನಿದೆ?”

ವಾಚ್‌ಮನ್ ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುವಿದ. ಅವನ ಕೋಣೆಯ ಬಾಗಿಲಿಗೆ ಮೊಳೆ ಹೊಡೆದು ಆ ಉದ್ದನೆಯ ಪುಸ್ತಕ ತೂಗುಹಾಕಿದ್ದರು. ಪುಸ್ತಕಕ್ಕೊಂದು ದಾರ, ದಾರದ ತುದಿಗೊಂದು ಪೆನ್ನು. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ, ಸ್ಕೇಲಿಟ್ಟು ಎರಡೆರಡು ಗೆರೆ ಎಳೆದು, ‘ರೇಡಿಯೋ ಕಂಬದಿಂದ ನಿವಾಸಿಗಳಿಗೆ ಆಗುತ್ತಿರುವ ತೊಂದರೆಗಳು’ ಎಂದು ಬರೆದಿತ್ತು. ಬರೆದವರು ಕಟ್ಟಡದ ಸಂಘದ ಕಾರ್ಯದರ್ಶಿ, ಮೊದಲನೇ ಮಹಡಿಯ ಆಡಿಟರ್. ಹದಿನೈದು ದಿನ ಎಲ್ಲರೂ ತಮ್ಮ ತೊಂದರೆ ಬರೆಯಬೇಕು, ಭಾನುವಾರ ಸಭೆ ಸೇರಿ ಓದಬೇಕು, ಕಂಬ ಇಳಿಸಬೇಕೋ ಬೇಡವೋ ಅಂತ ಕೈ ಎತ್ತಬೇಕು. ಇದು ಅವರ ಏರ್ಪಾಡು. ಇಳಿಸುವುದಂತೂ ಖಾತ್ರಿ, ಆದರೆ ಕ್ರಮಬದ್ಧವಾಗಿ ಇಳಿಸಬೇಕು ಅನ್ನುವುದಷ್ಟೇ ಅವರ ಆಸೆ.

ಕಂಬದ ಒಡೆಯ ಮೂರನೇ ಮಹಡಿಯ ಲಿಫ್ಟ್ ಮೆಕ್ಯಾನಿಕ್. ಅವನು ಪುಸ್ತಕದಿಂದ ಎರಡು ಮಾರು ದೂರ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. “ನಾನು ಅದನ್ನ ಮುಟ್ಟಲ್ಲ ಕಣಪ್ಪಾ. ನಾಳೆ ಹಾಳೆ ಹರಿದ, ತಿದ್ದಿದ ಅನ್ನೋಕೂ ಹೇಸಲ್ಲ ಈ ಜನ. ನೀನೇ ಓದು.” ವಾಚ್‌ಮನ್ನಿಗೆ ಕೂಡಿಸಿ ಓದುವಷ್ಟು ಅಕ್ಷರ ಬರುತ್ತಿತ್ತು, ಆದರೆ ಸ್ವಾರಸ್ಯವಿದ್ದದ್ದನ್ನು ಮಾತ್ರ ಓದುತ್ತಿದ್ದ. ಮೆಕ್ಯಾನಿಕ್ಕಿಗೂ ಅಷ್ಟೇ ಬೇಕಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೀಗೆ ಐದು ನಿಮಿಷ ನಿಂತು ಕೇಳಿ, ಹೊಟ್ಟೆ ತುಂಬಿದವನಂತೆ ಹೋಗುತ್ತಿದ್ದ.

ಯಾಕೆಂದರೆ ದೂರದವರೊಡನೆ ಮಾತಾಡುವ ಅವನ ರೇಡಿಯೋ ಸೆಟ್ಟು ಬಂದಾಗಿ ಇವತ್ತಿಗೆ ಹತ್ತು ದಿನ.

ಪುಸ್ತಕ ತೂಗುಹಾಕಿದ ದಿನವೇ ಅವನು ಸೆಟ್ಟಿನ ಮೇಲ್ಮುಚ್ಚಳ ತೆಗೆದು, ಅದರ ಜೀವವಾದ ಗಾಜಿನ ವಾಲ್ವನ್ನು ಕಿತ್ತಿದ್ದ. ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಸುತ್ತಲೂ ಟೇಪು ಹಚ್ಚಿ, ಟೇಪಿನ ಮೇಲೆ ಸಹಿ ಹಾಕಿ, ನೇರ ಆಡಿಟರ ಮನೆಗೇ ಕೊಂಡೊಯ್ದಿದ್ದ. “ನನ್ನ ಲೈಸೆನ್ಸಿಗೆ ಸಂಬಂಧಪಟ್ಟ ವಸ್ತು. ಸಭೆ ದಿನ ಎಲ್ಲರೆದುರು ಒಡೀಬೇಕು. ಅಲ್ಲೀವರೆಗೆ ನಿಮ್ಮಂಥ ದೊಡ್ಡ ಮನುಷ್ಯರ ಹತ್ರ ಇರ್ಲಿ,” ಅಂದಿದ್ದ. ಏಣಿ ಎರವಲು ಕೊಟ್ಟರೂ ರಸೀದಿ ಬರೆಯುವ ಮನುಷ್ಯ ಆಡಿಟರ್. ದಿನಾಂಕ, ಹೊತ್ತು, ಟೇಪಿನ ಬಣ್ಣ ಎಲ್ಲ ನಮೂದಿಸಿ ರಸೀದಿ ಕೊಟ್ಟು ಡಬ್ಬಿಯನ್ನು ಕಬ್ಬಿಣದ ಬೀರುವಿನಲ್ಲಿ ಇಟ್ಟರು. ಮೆಕ್ಯಾನಿಕ್ ಆ ರಸೀದಿಯನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ಓಡಾಡುತ್ತಿದ್ದ. ಊರೂರು ಅಲೆದು ಲಿಫ್ಟು ರಿಪೇರಿ ಮಾಡುವಾಗ, ಮಧ್ಯೆ ಮಧ್ಯೆ ಪ್ಯಾಂಟಿನ ಹಿಂಜೇಬು ಮುಟ್ಟಿ ನೋಡಿಕೊಂಡು ನಗುತ್ತಿದ್ದ.

ಮನುಷ್ಯಜಾತಿಯ ಬಗ್ಗೆ ಅವನಿಗಿದ್ದ ಅಭಿಪ್ರಾಯ ಲಿಫ್ಟಿನ ಗುಂಡಿಯಿಂದ ಬಂದದ್ದು. ಗುಂಡಿ ಒಮ್ಮೆ ಒತ್ತಿದರೆ ಸಾಕು, ದೀಪ ಹತ್ತುತ್ತದೆ, ಲಿಫ್ಟು ಬರುತ್ತದೆ. ಆದರೂ ಎಂಟೆಂಟು ಸಲ ಒತ್ತುತ್ತಾರೆ. ಇಂಥವರಿಗೆ ವೋಟು ಬೇರೆ ಕೊಟ್ಟಿದಾರೆ, ಅನ್ನುತ್ತಿದ್ದ. ರೇಡಿಯೋ ಹವ್ಯಾಸಿಗಳ ಬಗ್ಗೆಯಂತೂ ಇನ್ನೂ ಕೀಳು. ಅಂಗಡಿಯಿಂದ ತಯಾರಾದ ಸೆಟ್ಟು ತಂದು ಮೇಜಿನ ಮೇಲಿಟ್ಟು ಮಾತಾಡುವವರನ್ನು ಅವನು ‘ಟೆಲಿಫೋನ್ ಗಿರಾಕಿಗಳು’ ಎಂದು ಕರೆಯುತ್ತಿದ್ದ. ಬಿಡಿಭಾಗಗಳ ಕಿಟ್ ತರಿಸಿ ಜೋಡಿಸುವವರು ಅವನ ಪ್ರಕಾರ ರಂಗೋಲಿ ಪುಸ್ತಕ ನೋಡಿ ಚುಕ್ಕಿ ಸೇರಿಸುವವರು. ಹಿಂದೊಮ್ಮೆ ರೇಡಿಯೋ ಕ್ಲಬ್ಬಿನವರು ವಸ್ತುಪ್ರದರ್ಶನ ಇಟ್ಟಾಗ, ಕಾಲೇಜು ಮೇಷ್ಟ್ರೊಬ್ಬರು ಆರು ತಿಂಗಳು ಕೂತು ಕಟ್ಟಿದ್ದ ಸೆಟ್ಟನ್ನು ಭೂತಗನ್ನಡಿ ಹಿಡಿದು ನೋಡಿ, “ಇದು ಬೆಸುಗೆ ಅಲ್ಲ ಸ್ವಾಮಿ, ಹಕ್ಕಿ ಕೂತು ಎದ್ದುಹೋದ ಗುರುತು,” ಅಂದಿದ್ದ. ಆ ಮೇಷ್ಟ್ರು ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಮುಂದಿನ ತಿಂಗಳಿಂದ ಇವನನ್ನೂ ಯಾರೂ ಕರೆಯಲಿಲ್ಲ.

ಅವನ ಸೆಟ್ಟು ಮಾತ್ರ ಅವನದೇ. ತಗಡು ಹಳೇ ಲಿಫ್ಟಿನ ಪೆಟ್ಟಿಗೆಯದು. ತಂತಿ ಸುರುಳಿ ನೀರಿನ ಪೈಪಿನ ತುಂಡಿನ ಮೇಲೆ ಸುತ್ತಿದ್ದು. ಮಾತಾಡಲು ಒತ್ತುವ ಗುಂಡಿ ಯಾವುದೋ ಕೆಡವಿದ ಆಸ್ಪತ್ರೆಯ ಲಿಫ್ಟಿನ ‘ನೆಲಮಹಡಿ’ ಗುಂಡಿ. ಸಂಜೆ ಏಳಕ್ಕೆ ಸರಿಯಾಗಿ ಅದನ್ನು ಒತ್ತಿದನೆಂದರೆ, ಇನ್ನೂರು ಮೈಲಿ ಆಚೆಯ ಊರಲ್ಲಿ ಔಷಧಿ ಅಂಗಡಿ ಇಟ್ಟಿರುವ ಗೆಳೆಯ ಉತ್ತರ ಕೊಡುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿದ್ದು ಒಂದೇ ಸಲ. ಮಾತು ಹತ್ತೊಂಬತ್ತು ವರ್ಷದ್ದು. ಮೊದಲ ಐದು ನಿಮಿಷ ಸಿಗ್ನಲ್ಲು, ಹವಾಮಾನ. ಆಮೇಲೆ ಮೆಕ್ಯಾನಿಕ್ ಕಟ್ಟಡದ ಸುದ್ದಿಗೆ ಇಳಿಯುತ್ತಿದ್ದ. ಎಲ್ಲರಿಗೂ ಅಲ್ಲಿ ಬೇರೆ ಹೆಸರಿತ್ತು. ಆಡಿಟರ್ ‘ಅಡಿಗೆರೆ’. ಹಲ್ಲಿನ ಡಾಕ್ಟರ್ ‘ಇಕ್ಕಳ’. ಡಾಕ್ಟರ ಎದುರುಮನೆಯ ಟ್ಯೂಷನ್ ಮೇಡಂ ‘ಉದ್ದಬೆಲ್ಲು’. ಸರಿಯಾಗಿ ತನ್ನ ಕೆಳಗಿನ ಮನೆಯಲ್ಲಿ, ಎರಡನೇ ಮಹಡಿಯಲ್ಲಿ ಒಬ್ಬರೇ ಇರುವ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದ ಮುದುಕಿ ‘ಗೂಬೆ’. “ಗೂಬೆ ಇವತ್ತು ಮೆಟ್ಟಿಲ ಮೇಲೆ ಸಿಕ್ಕಿತ್ತು, ಕಣ್ಣು ಪಿಳಿಕಿಸಲಿಲ್ಲ, ಓವರ್,” ಅಂತ ಅವನು ಸರದಿ ಬಿಟ್ಟುಕೊಟ್ಟರೆ ಗೆಳೆಯ ಅಲ್ಲಿಂದ ಕೆಮ್ಮಿ ಕೆಮ್ಮಿ ನಗುತ್ತಿದ್ದ. ಆ ಒಂದು ಗಂಟೆಗೋಸ್ಕರ ಮೆಕ್ಯಾನಿಕ್ ಉಳಿದ ಇಪ್ಪತ್ತಮೂರು ಗಂಟೆ ಸಹಿಸಿಕೊಳ್ಳುತ್ತಿದ್ದ. ಕಂಬ ಇಳಿದರೆ ಹೋಗುವುದು ಆ ಒಂದು ಗಂಟೆ.

“ಕಂಬ ಇಳಿಸ್ಲಿ ಬಿಡಿ,” ಅಂದಳು ಹೆಂಡತಿ, ಭಾನುವಾರ ಬೆಳಿಗ್ಗೆ ಚಹಾ ಮುಂದಿಡುತ್ತ. “ಆ ತಂತಿ ಮೇಲೆ ಬಟ್ಟೆ ಒಣಗ್ಹಾಕಿದ್ರೂ ಇಷ್ಟು ದಿನಕ್ಕೆ ಉಪಯೋಗಕ್ಕೆ ಬರ್ತಿತ್ತು.”

“ಇದೇನೇ, ಮತ್ತೆ ಅರ್ಧ ಲೋಟ? ಒಂದು ವರ್ಷದಿಂದ ನೋಡ್ತಿದೀನಿ. ಚಹಾಪುಡಿ ಏನು ಚಿನ್ನದ ಅಂಗಡಿಯಿಂದ ತರ್ತೀಯಾ?”

“ಕುಡಿದು ಕೇಳಿ, ಇನ್ನರ್ಧ ಹಾಕ್ತೀನಿ.”

“ಜಿಪುಣಿ,” ಅಂದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ.

*

ಸಭೆ ಸೇರಿದ್ದು ನೆಲಮಹಡಿಯಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಎಣ್ಣೆ ಕಲೆಯ ನೆಲ. ಎರಡನೇ ಮಹಡಿಯ ಆಪರೇಟರಮ್ಮ ಮೊಣಕಾಲು ನೋವೆಂದು ಬಂದಿರಲಿಲ್ಲ. ಉಳಿದ ಎಲ್ಲರೂ ಇದ್ದರು. ಆಡಿಟರ್ ಕನ್ನಡಕ ಒರೆಸಿ, ಪುಸ್ತಕ ತೆರೆದು, ಕಿವಿಯ ಮೇಲಿದ್ದ ಪೆನ್ಸಿಲು ಕೈಗೆ ತೆಗೆದುಕೊಂಡರು.

“ಮೊದಲನೇ ದಿನ. ಟ್ಯೂಷನ್ ಮೇಡಂ. ಏಳೂ ಐದರಿಂದ ಏಳೂ ಮುಕ್ಕಾಲರ ತನಕ ಟೀವಿಯಲ್ಲಿ ಅಡ್ಡಗೆರೆ.”

“ಒಂದೇ ಗೆರೆನಾ ಮೇಡಂ, ಜೊತೆಗೆ ಇನ್ನೊಂದೂ ಇತ್ತಾ?” ಅಂದ ಮೆಕ್ಯಾನಿಕ್, ತುಂಬ ವಿನಯದಿಂದ.

“ಮೂರು ಇತ್ತು. ನಾನು ಸುಮ್ನೆ ಒಂದು ಅಂತ ಬರೆದೆ, ಜಗಳ ಯಾಕೆ ಅಂತ.”

“ದೊಡ್ಡ ಮನಸ್ಸು.”

ಆಡಿಟರ್ ಕೆಮ್ಮಿದರು. “ಎರಡನೇ ದಿನ. ಡಾಕ್ಟರ್. ಫೋನು ಚಾರ್ಜ್ ಆಗಲು ಎಂದಿಗಿಂತ ನಲವತ್ತು ನಿಮಿಷ ಹೆಚ್ಚು. ಮೂರನೇ ದಿನ. ಡಾಕ್ಟರ ಶ್ರೀಮತಿ. ತಲೆನೋವು, ಹಣೆಯ ಬಲಭಾಗ, ಅಂದರೆ ಕಂಬದ ಕಡೆಯ ಭಾಗ.”

ಮೆಕ್ಯಾನಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎರಡೂ ಕೈ ಜೇಬಿಗೆ ಹಾಕಿ, ಕಣ್ಣು ಮುಚ್ಚಿಕೊಂಡ. ಇಂಥ ಸುಖ ಅವನಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಇಷ್ಟು ಜನ, ಓದಿದವರು, ಇಸ್ತ್ರಿ ಮಾಡಿದ ಅಂಗಿಯವರು, ಸಾಲಾಗಿ ಕೂತು ಒಬ್ಬೊಬ್ಬರಾಗಿ ಹೊಂಡಕ್ಕೆ ಬೀಳುತ್ತಿದ್ದರು. ತಳ್ಳುವ ಶ್ರಮವೂ ಇಲ್ಲ.

“ನಾಲ್ಕನೇ ದಿನ,” ಆಡಿಟರ್ ಓದಿದರು. “ಎರಡನೇ ಮಹಡಿ. ಮೂರು ದಿನದಿಂದ ಏಳು ಗಂಟೆಯ ದನಿ ಬರುತ್ತಿಲ್ಲ. ಮೇಲಿನ ಮನೆಯವರಿಗೆ ಮೈ ಹುಷಾರಿಲ್ಲವೇ? ವಿಚಾರಿಸುವುದು.”

ಯಾರೋ ಕಿಸಕ್ಕನೆ ನಕ್ಕರು. “ಅಮ್ಮನಿಗೆ ಅರಳುಮರಳು,” ಅಂದರು ಡಾಕ್ಟರ್. “ಬರೋದು ತೊಂದ್ರೆ ಅಂತ ನಾವು ಬರೀತಿದ್ರೆ, ಬರ್ತಿಲ್ಲ ಅಂತ ಅವ್ರು!”

“ಎರಡು ಮಹಡಿ ಇಳಿದು ಬಂದು ಬರೆದ್ರು ಸಾರ್,” ಅಂದ ಹಿಂದೆ ನಿಂತಿದ್ದ ವಾಚ್‌ಮನ್. “ಮಧ್ಯೆ ನಾಕು ಸಲ ಮೆಟ್ಟಿಲ ಮೇಲೆ ಕೂತ್ಕೊಂಡು. ನಾನೇ ಬರ್ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ.”

ಮೆಕ್ಯಾನಿಕ್ ಕಣ್ಣು ತೆರೆದಿದ್ದ. ಆಡಿಟರ್ ಮುಂದೆ ಓದುತ್ತಲೇ ಇದ್ದರು, ಒಡೆದ ಹಾಲು, ಹಿಂದೆ ಬಿದ್ದ ಗಡಿಯಾರ, ಅವರದೇ ಆರು ದೂರು. ಅವನಿಗೆ ಒಂದೂ ಕೇಳಲಿಲ್ಲ. ಏಳು ಗಂಟೆಯ ದನಿ. ಹಾಗಾದರೆ ಆ ಮನೆಯಲ್ಲಿ ಯಾವುದೋ ಯಂತ್ರ ಅವನ ಮಾತನ್ನು ಹಿಡಿದು ಹೊರಗೆ ಹಾಕುತ್ತಿದೆ. ಗುಂಯ್ ಅಲ್ಲ, ಕರಕರ ಅಲ್ಲ, ದನಿ. ಹಾಗಾದರೆ ಅಡಿಗೆರೆ, ಇಕ್ಕಳ, ಉದ್ದಬೆಲ್ಲು, ಗೂಬೆ, ಎಲ್ಲವೂ ಕೆಳಗೆ ಕೇಳಿಸಿದೆ.

“ಒಟ್ಟು ಮೂವತ್ತೊಂದು ದೂರು,” ಆಡಿಟರ್ ಪುಸ್ತಕ ಮುಚ್ಚಿದರು. “ಕೈ ಎತ್ತೋ ಮುಂಚೆ ನೀವು ಏನಾದ್ರೂ ಹೇಳೋದಿದ್ರೆ ಹೇಳಿ.”

“ನನ್ನ ಡಬ್ಬಿ ತರ್ಸಿ,” ಅಂದ ಮೆಕ್ಯಾನಿಕ್. ದನಿ ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

ಡಬ್ಬಿ ಬಂತು. ರಸೀದಿ ಹೊರಬಂತು. ಟೇಪಿನ ಮೇಲಿನ ಸಹಿಯನ್ನು ಆಡಿಟರೇ ಹಿಡಿದು ನೋಡಿ, ಸರಿಯಾಗಿದೆ ಅಂದು, ತಾವೇ ಬಿಡಿಸಿದರು. ಹತ್ತಿಯ ಒಳಗಿಂದ ಅಂಗೈಯುದ್ದದ ಗಾಜಿನ ವಾಲ್ವು ಹೊರಬಂತು.

“ಏನಿದು, ಬಲ್ಬಾ?”

“ನನ್ನ ಸೆಟ್ಟಿನ ಜೀವ. ಇದಿಲ್ಲದೆ ಅದು ಬರೀ ತಗಡಿನ ಡಬ್ಬ. ಒಂದು ಇರುವೆಗೂ ಅದರಿಂದ ತಲೆನೋವು ಬರಲ್ಲ.” ಈಗ ಅವನಿಗೆ ಹಳೇ ಗತ್ತು ಮರಳಿತ್ತು. “ಹದಿನೈದು ದಿನ ಇದು ಕಾರ್ಯದರ್ಶಿಗಳ ಬೀರುವಿನಲ್ಲಿ, ಅವರ ರಸೀದಿ ಸಮೇತ ಮಲಗಿತ್ತು. ಡಾಕ್ಟ್ರೇ, ನಿಮ್ಮ ಹಾಲು ಒಡೆದಿದ್ದು ಆಡಿಟರ ಬೀರುವಿಂದ. ಮೇಡಂ, ನಿಮ್ಮ ಮೂರು ಗೆರೆನೂ ಅಲ್ಲಿಂದಲೇ. ಒಂದು ನಾಯಿ ಬೊಗಳಿದ್ರೆ ಊರ ನಾಯೆಲ್ಲ ಬೊಗಳ್ತಾವೆ, ಆದ್ರೆ ಅವು ಟೈಮ್ ಹಾಕಿ ಬರೆದಿಡಲ್ಲ.”

ಟ್ಯೂಷನ್ ಮೇಡಂ ಸೆರಗಿನ ಅಂಚು ನೋಡಿಕೊಂಡರು. ಡಾಕ್ಟರೇ ಮೊದಲು ಚೇತರಿಸಿಕೊಂಡದ್ದು.

“ಇಂಥದ್ದು ಇನ್ನೊಂದು ಇಟ್ಕೊಂಡಿರ್ಬೋದಲ್ಲ?”

ಮುಳುಗುತ್ತಿದ್ದವರಿಗೆ ಹಲಗೆ ಸಿಕ್ಕಂತಾಯಿತು. “ಹೌದಲ್ಲ!” “ಯಾರು ಕಂಡಿದಾರೆ?” “ಒಂದನ್ನ ಇಲ್ಲಿ ಕೊಟ್ಟು ಇನ್ನೊಂದ್ರಲ್ಲಿ...”

“ಇನ್ನೊಂದಿಲ್ಲ. ಇದೊಂದು ಸಿಕ್ಕೋಕೇ ನಾನು ಎರಡು ವರ್ಷ ಗುಜರಿ ಅಂಗಡಿ ತಿರುಗಿದೀನಿ.”

“ಇಲ್ಲ ಅನ್ನೋದಕ್ಕೆ ಪುರಾವೆ?” ಅಂದರು ಆಡಿಟರ್.

“ನಾನು ಸುಳ್ಳು ಹೇಳ್ತೀನಾ?”

“ಹಾಗಂದೋರು ಯಾರು? ಪುರಾವೆ ಕೇಳ್ದೆ ಅಷ್ಟೆ.”

ಪುರಾವೆ ಒಂದಿತ್ತು. ಆಡಿಟರ ಬೆರಳಿನ ಕೆಳಗಿದ್ದ ಪುಸ್ತಕದಲ್ಲೇ ಇತ್ತು. ಅದನ್ನು ಎತ್ತಿದರೆ ಪುಸ್ತಕ ತೂಗುಹಾಕಿದ ದಿನದಿಂದ ಸೆಟ್ಟು ಸುಮ್ಮನಿದ್ದದ್ದು ಸಾಬೀತು. ಅದಕ್ಕೆ ಮೊದಲು ಸುಮ್ಮನಿರಲಿಲ್ಲ ಅನ್ನುವುದೂ ಸಾಬೀತು. ಎತ್ತದಿದ್ದರೆ ಕಂಬ ಹೋಗುತ್ತದೆ, ಆದರೆ ಎರಡನೇ ಮಹಡಿಯ ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ. ಮೆಕ್ಯಾನಿಕ್ ಎದುರಿನ ಮುಖಗಳನ್ನು ಒಂದು ಸುತ್ತು ನೋಡಿದ. ಬೀರುವಿನಿಂದ ಹಾಲು ಒಡೆಸಿಕೊಂಡವರು ತನ್ನನ್ನು ಸುಳ್ಳುಗಾರ ಅಂತ ನೋಡುತ್ತಿದ್ದರು. ಬೇರೆ ಏನನ್ನಾದರೂ ಅವನು ನುಂಗುತ್ತಿದ್ದ, ಇದನ್ನು ನುಂಗಲಾರ.

“ನಾಲ್ಕನೇ ದಿನದ್ದು ಇನ್ನೊಂದ್ಸಲ ಓದಿ,” ಅಂದ.

ಆಡಿಟರ್ ಓದಿದರು. ಪೆನ್ಸಿಲು ಸಾಲಿನ ಕೆಳಗೆ ನಿಧಾನ ಗೆರೆ ಎಳೆಯಿತು. ಅವರು ಪೆದ್ದರಲ್ಲ.

“ಅಂದ್ರೆ, ನಿಮ್ಮ ಸೆಟ್ಟು ಬಂದ್ ಇದ್ದಾಗ ಅವರ ಮನೇಲಿ ದನಿ ಬರ್ಲಿಲ್ಲ.”

“ಹೂಂ.”

“ಅಂದ್ರೆ, ಚಾಲೂ ಇದ್ದಾಗ ಬರ್ತಿತ್ತು.”

“ಹೂಂ.”

“ನಿಮ್ಮ ದನಿ.”

“ಹೂಂ, ಅಂದ್ನಲ್ರೀ.”

ಎಲ್ಲರ ಬೆನ್ನೂ ನೆಟ್ಟಗಾಯಿತು. ಒಂದು ನಿಮಿಷದ ಹಿಂದಿನ ಅವಮಾನ ಯಾರದೋ ಅನ್ನುವಂತೆ ಕುರ್ಚಿಗಳು ಮುಂದೆ ಸರಿದವು. “ಅಲ್ಲ, ದಿನಾ ಒಂದೊಂದು ಗಂಟೆ ಅದೇನ್ ಮಾತಾಡ್ತೀರಾ ಅದ್ರಲ್ಲಿ?” ಅಂದರು ಟ್ಯೂಷನ್ ಮೇಡಂ.

“ಹವಾಮಾನ,” ಅಂದ ಮೆಕ್ಯಾನಿಕ್.

ತೀರ್ಮಾನ ಎರಡು ಸಾಲಿನದು. ಮೂವತ್ತು ದೂರು ಕೈಬಿಡಲಾಗಿದೆ. ಉಳಿದ ಒಂದು ದೂರನ್ನು ಕಂಬದವರೇ ಪರಿಹರಿಸಿ, ನಾಳೆ ಬೆಳಿಗ್ಗೆ ಹತ್ತರೊಳಗೆ ಎರಡನೇ ಮಹಡಿಯವರ ಸಹಿ ತರುವುದು. ತಪ್ಪಿದರೆ ಕಂಬ ಇಳಿಸುವುದು. ಆಡಿಟರ್ ಅದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಕೊಟ್ಟದ್ದಕ್ಕೆ ರಸೀದಿಗೂ ಸಹಿ ಹಾಕಿಸಿಕೊಂಡರು. ಆ ಸಹಿ ಹಾಕುವಾಗ ಮೆಕ್ಯಾನಿಕ್ ಪುಸ್ತಕವನ್ನು ತೊಡೆಯ ಮೇಲಿಟ್ಟು ಮಣಿಕಟ್ಟನ್ನು ಗಟ್ಟಿಯಾಗಿ ಊರಿಕೊಂಡ.

“ಹವಾಮಾನವಂತೆ,” ಅಂದಳು ಹೆಂಡತಿ ಮೆಟ್ಟಿಲು ಹತ್ತುತ್ತ. “ಪಕ್ಕದ ರೂಮಲ್ಲೇ ಇರ್ತೀನಿ ನಾನು.”

*

ಸಂಜೆ ಐದಕ್ಕೆ ಅವನು ಬೆಸುಗೆ ಕಡ್ಡಿ, ಸೀಸದ ಸುರುಳಿ, ಸ್ಕ್ರೂಡ್ರೈವರು ಹಿಡಿದು ಎರಡನೇ ಮಹಡಿಯ ಬಾಗಿಲು ತಟ್ಟಿದ. ಬಾಗಿಲು ತೆರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೊದಲು ಊರುಗೋಲಿನ ಸದ್ದು, ಆಮೇಲೆ ಚಿಲಕ.

“ಬಾರಯ್ಯ. ಹುಷಾರಾಗಿದೀಯಾ? ಹದಿನೈದು ದಿನ ಆಯ್ತು.”

“ಹುಷಾರಾಗೇ ಇದ್ದೆ ಅಮ್ಮ. ಸೆಟ್ಟು ಬಂದ್ ಮಾಡಿದ್ದೆ.”

“ಹಾಗನ್ನು. ನಾನು ಜ್ವರ ಅಂದ್ಕೊಂಡೆ.”

ಕೋಣೆಯಲ್ಲಿ ಒಂದು ಮಂಚ, ಒಂದು ಬೆತ್ತದ ಕುರ್ಚಿ, ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತ ನಾಲ್ಕೈದು ಚಿಲ್ಲರೆ ಔಷಧಿ ಬಾಟಲಿ. ಕಿಟಕಿಯ ಹತ್ತಿರ ಎತ್ತರದ ಮೇಜಿನ ಮೇಲೆ ಹಳೆಯ ಟೇಪ್‌ರೆಕಾರ್ಡರು. ಕುರ್ಚಿಯಿಂದ ಕೈ ಚಾಚಿದರೆ ಅದರ ಗುಂಡಿ ಸಿಗುವಂತೆ ಇಟ್ಟಿತ್ತು.

“ಇದರಲ್ಲೇ ಬರೋದಾ?”

“ಇದರಲ್ಲೇ. ಕ್ಯಾಸೆಟ್ ಹಾಕದೆ ಗುಂಡಿ ಒತ್ತಿ ಕೂತ್ಕೊಂಡ್ರೆ ಆಯ್ತು. ನೀನು ಬಾಯಿ ತೆಗೆಯೋ ಮುಂಚೇನೇ ಗೊತ್ತಾಗುತ್ತೆ, ಟಕ್ ಅನ್ನುತ್ತೆ. ಆಮೇಲೆ ದನಿ. ಟ್ರಂಕ್ ಕಾಲಿಗಿಂತ ಸ್ಪಷ್ಟ.”

ಮೆಕ್ಯಾನಿಕ್ ಯಂತ್ರವನ್ನು ಬೋರಲು ಹಾಕಿ ತಿರುಪು ಬಿಚ್ಚಿದ. ತಲೆಯೆತ್ತುವುದಕ್ಕಿಂತ ಅದು ಸುಲಭವಾಗಿತ್ತು. ಒಳಗೆ ಎರಡು ನಿಮಿಷ ಇಣುಕುವಷ್ಟರಲ್ಲಿ ಅವನಿಗೆ ಸಿಕ್ಕಿತು. ಟೇಪು ಓದುವ ಹೆಡ್ಡಿಗೆ ಬಂದು ಸೇರುವ ತಂತಿಯ ಬುಡದಲ್ಲಿ ಒಂದು ಬೆಸುಗೆ, ಬೂದಿ ಬಣ್ಣದ್ದು, ತರಿತರಿಯಾಗಿ, ಗುಳ್ಳೆ ಎದ್ದು. ಡ್ರೈ ಸೋಲ್ಡರ್. ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಇಂಥ ಒಂದು ಬೆಸುಗೆ ಸಾಕು, ಬಳಿಯ ಸೆಟ್ಟಿನ ಮಾತನ್ನು ಗಾಳಿಯಿಂದ ಹಿಡಿದು ಸ್ಪೀಕರಿಗೆ ಕಳಿಸಲು.

“ನೋಡಿ ಇಲ್ಲಿ!” ಅವನ ಮುಖ ಅರಳಿತು. ತಪ್ಪು ತನ್ನ ಸೆಟ್ಟಿನದಲ್ಲ. “ಇದರಿಂದ ಬರ್ತಿರೋದು. ನನ್ನ ಸೆಟ್ಟು ಕನ್ನಡಿ ಹಾಗೆ ಇದೆ. ಯಾವ ಕತ್ತೆ ಹಾಕಿದ್ದಮ್ಮ ಈ ಬೆಸುಗೆ? ಕಾದ ಸೀಸ ಆರೋ ತನಕ ಕೈ ನಿಲ್ಲಿಸ್ಬೇಕು ಅನ್ನೋಷ್ಟು ಜ್ಞಾನ ಬೇಡ್ವಾ? ಬೀದೀಲಿ ಛತ್ರಿ ರಿಪೇರಿ ಮಾಡೋನಿಗೆ ಕೊಟ್ರಾ?”

ಆಪರೇಟರಮ್ಮ ಅವನನ್ನೇ ನೋಡುತ್ತಿದ್ದರು. ಕಣ್ಣು ಪಿಳಿಕಿಸಲಿಲ್ಲ.

“ನೀನೇ,” ಅಂದರು. “ಹೋದ ವರ್ಷ. ತಂತಿ ಕಿತ್ತು ಬಂದಿತ್ತು, ನಾನು ಕರೆದೆ. ಬಂದು ಹತ್ತು ನಿಮಿಷದಲ್ಲಿ ಹಾಕ್ಕೊಟ್ಟೆ. ಕ್ಯಾಸೆಟ್ ಓದ್ತು. ಅವತ್ತು ಸಂಜೆಯಿಂದಲೇ ನೀನೂ ಬಂದೆ.”

ಅವನು ಮತ್ತೆ ಒಳಗೆ ನೋಡಿದ. ಹತ್ತಿರದಿಂದ ನೋಡಿದ. ತಂತಿಯ ತುದಿಯನ್ನು ಎಡಕ್ಕೆ ಒಂದೂವರೆ ಸುತ್ತು ಹಾಕಿ ಮಡಚುವುದು ಅವನ ಕ್ರಮ. ಇನ್ನಾರೂ ಹಾಗೆ ಮಾಡುವುದಿಲ್ಲ. ಇಲ್ಲಿ ಹಾಗೇ ಮಡಚಿತ್ತು. ಬೆಸುಗೆ ಮಾತ್ರ ಹಕ್ಕಿ ಕೂತು ಎದ್ದುಹೋದಂತಿತ್ತು.

ಊರುಗೋಲು ಒಳಮನೆಗೆ ಹೋಗಿ ಬಂತು. ಒಂದು ಕೈಯಲ್ಲಿ ಲೋಟ. ಮೇಜಿನ ಮೇಲಿಟ್ಟರು. ದೊಡ್ಡ ಲೋಟ, ಅದರಲ್ಲಿ ಅರ್ಧ ಮಾತ್ರ ಚಹಾ.

ಮೆಕ್ಯಾನಿಕ್ ಆ ಲೋಟವನ್ನು ನೋಡುತ್ತ ಕೂತ.

“ಎಲ್ಲಾ ಕೇಳಿಸ್ತಿತ್ತಾ?” ಅಂತ ಕೊನೆಗೆ ಕೇಳಿದ.

“ನಿನ್ನ ಕಡೇದು ಪೂರ್ತಿ. ಆ ಕಡೇದು ಒಂದಕ್ಷರ ಇಲ್ಲ. ನೀನು ‘ಓವರ್’ ಅಂದ್ಮೇಲೆ ಎರಡು ನಿಮಿಷ ಖಾಲಿ. ಅದನ್ನ ನಾನೇ ತುಂಬ್ಸಿಕೊಳ್ತಿದ್ದೆ. ಮೂವತ್ತೆರಡು ವರ್ಷ ಅದೇ ಕೆಲಸ ಮಾಡಿದೋಳು ನಾನು.”

“ಗೂಬೆ ಅಂದಿ...”

“ತಪ್ಪೇನಿಲ್ಲ. ಅದರಲ್ಲಿ ಅರ್ಧಕ್ಕರ್ಧ ರಾತ್ರಿ ಪಾಳಿನೇ. ಆದ್ರೆ ಡಾಕ್ಟರಿಗೆ ಇಕ್ಕಳ ಅನ್ನೋದು ಸಪ್ಪೆ ಕಣಯ್ಯ. ಅವನು ನನ್ನ ಹಲ್ಲು ಕೀಳೋವಾಗ ಕಣ್ಣು ಮುಚ್ಕೊಂಡಿದ್ದ. ಅವನು! ‘ಅಂದಾಜು’ ಅಂತ ಕರೀಬೇಕು ಅವನ್ನ.” ಅವರು ಬೆತ್ತದ ಕುರ್ಚಿಯಲ್ಲಿ ಕೂತು, ಮೊಣಕಾಲು ಉಜ್ಜಿಕೊಂಡರು. “ಆಡಿಟರ ವಿಷಯದಲ್ಲಿ ನೀನು ಹೇಳಿದ್ದೆಲ್ಲ ಸರಿ. ಸ್ವಲ್ಪ ಕಮ್ಮಿನೇ ಹೇಳಿದೀಯ.”

“ಯಾರಿಗಾದ್ರೂ ಹೇಳಿದ್ರಾ?”

“ನನ್ನ ಕೇಳ್ತೀಯಾ ಇದನ್ನ?” ಮೊದಲ ಸಲ ಅವರ ದನಿಯಲ್ಲಿ ತಾತ್ಸಾರ ಬಂತು. ಮೆಕ್ಯಾನಿಕ್ಕಿಗೆ ಗುರುತಿರುವ ತಾತ್ಸಾರವೇ, ತನ್ನ ಕೆಲಸ ಗೊತ್ತಿದ್ದವರದ್ದು. “ಈ ಊರಿನ ಅರ್ಧ ಮದುವೆ ಮುರಿದಿದ್ದು, ಕೂಡಿದ್ದು ಎಲ್ಲ ಈ ಕಿವೀಲೇ ಹೋಗಿದೆ. ಕಿವೀಲಿ ಹೋಗಿದ್ದು ಬಾಯಿಗೆ ಬಂದಿದ್ರೆ ನನ್ನ ಒಂದು ವಾರ ಇಟ್ಕೋತಿದ್ರಾ ಅಲ್ಲಿ?”

ಅವನು ಬೆಸುಗೆ ಕಡ್ಡಿಯ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಬೆರಳು ನಡುಗುವುದನ್ನು ಈಗ ಬಚ್ಚಿಡಲಿಲ್ಲ. ಅವರೂ ಬೇರೆ ಕಡೆ ನೋಡಲಿಲ್ಲ.

“ಒಂದು ಕೇಳ್ಬೇಕು ಅಂತಿತ್ತು,” ಅಂದರು ಆಪರೇಟರಮ್ಮ. “ಬೇಸಿಗೆಯಲ್ಲಿ ಒಂದಿನ, ನೀನು ಯಾರನ್ನೂ ಬಯ್ಲಿಲ್ಲ. ಕೈ ನಿಲ್ತಿಲ್ಲ ಕಣೋ, ಅಂದೆ. ಮೊನ್ನೆ ಲಿಫ್ಟಿನ ಗೂಡಲ್ಲಿ ನಟ್ಟು ಕೈಜಾರಿ ಏಳು ಮಹಡಿ ಕೆಳಗೆ ಬಿತ್ತು, ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ, ಅಂದೆ. ಹೇಳಿ ಓವರ್ ಅಂದೆ. ಆಮೇಲೆ ನೀನು ಮಾತಾಡ್ಲೇ ಇಲ್ಲ. ಆ ಔಷಧಿ ಅಂಗಡಿಯೋನು ಏನಂದ? ಆವತ್ತಿಂದ ಎಷ್ಟು ಥರ ತುಂಬ್ಸಿ ನೋಡಿದೀನಿ, ಸರಿಹೋಗ್ತಿಲ್ಲ.”

ಮೆಕ್ಯಾನಿಕ್ ಕಿಟಕಿಯ ಕಡೆ ತಿರುಗಿದ. ಹೊರಗೆ ಕಂಬದಿಂದ ಇಳಿದ ತಂತಿಯ ಒಂದು ಎಳೆ ಗಾಜಿಗೆ ಅಡ್ಡ ಕಾಣುತ್ತಿತ್ತು.

“ಏನೂ ಅನ್ಲಿಲ್ಲ,” ಅಂದ. “ಆ ಹೊತ್ತಿಗೆ ಸಿಗ್ನಲ್ ಬಿದ್ದುಹೋಗಿತ್ತು. ಅವನಿಗೆ ಕೇಳಿಸ್ಲೇ ಇಲ್ಲ. ಮರುದಿನ ಏನೋ ಹೇಳ್ತಿದ್ಯಲ್ಲ ಅಂದ. ಏನಿಲ್ಲ ಅಂದೆ.”

“ಓ,” ಅಂದರು ಆಪರೇಟರಮ್ಮ. ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, “ಹಾಗಾದ್ರೆ ಕಾಲ್ ಇಲ್ಲಿಗೇ ಬಂದಿತ್ತು,” ಅಂದರು.

ಅವನು ಚಹಾ ಕುಡಿದ. ಅರ್ಧ ಲೋಟ, ಒಂದೇ ಕೈಯಲ್ಲಿ ಎತ್ತಿದರೂ ತುಳುಕಲಿಲ್ಲ. ಆಮೇಲೆ ಬೆಸುಗೆ ಕಡ್ಡಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಲು ಎದ್ದ.

“ಏನ್ ಮಾಡ್ತಿದೀಯ?”

“ಬೆಸುಗೆ ತೆಗೆದು ಸರಿಯಾಗಿ ಹಾಕ್ತೀನಮ್ಮ. ಇಲ್ಲಾಂದ್ರೆ ನಿಮ್ಮ ದೂರು ಪರಿಹಾರ ಆಗಲ್ಲ. ನಾಳೆ ಕಂಬ ಇಳಿಸ್ತಾರೆ.”

“ಇಡು ಅದನ್ನ ಕೆಳಗೆ.” ಊರುಗೋಲು ಪ್ಲಗ್ಗಿಗೆ ಅಡ್ಡ ಬಂತು. “ನನ್ನ ದೂರು ಏನು? ಓದಿದೀಯಾ? ದನಿ ಬರ್ತಿಲ್ಲ ಅಂತ ಬರೆದಿದೀನಿ. ಬರ್ತಿದೆ ಅಂತ ಎಲ್ಲಿ ಬರೆದೆ? ಎರಡು ಮಹಡಿ ಇಳಿದು ಹೋಗಿ ಬರೆದಿದ್ದು. ಅದನ್ನ ಪರಿಹಾರ ಮಾಡು.”

ಮೆಕ್ಯಾನಿಕ್ಕಿಗೆ ನಗು ಬಂದಿತೋ ಏನೋ, ಮೂಗಿನಲ್ಲೇ ಉಳಿಯಿತು. ಆಡಿಟರ ಹಾಳೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. “ಹಾಗಾದ್ರೆ ಸಹಿ?”

“ಬರ್ಲಿ ಮೊದ್ಲು. ಬಂದ್ಮೇಲೆ ಸಹಿ. ಬರದೇ ಇರೋದಕ್ಕೆ ಬಂತು ಅಂತ ನಾನು ಯಾವತ್ತೂ ಬರೆದಿಲ್ಲ.” ಅವರು ಹಾಳೆಯನ್ನು ಟೇಪ್‌ರೆಕಾರ್ಡರಿನ ಕೆಳಗೆ ಸಿಕ್ಕಿಸಿದರು. ಅವನು ಯಂತ್ರದ ತಿರುಪುಗಳನ್ನು ಒಂದೊಂದಾಗಿ ಹಾಕಿ, ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು. “ಮತ್ತೆ, ನಾನು ಕೇಳ್ತಿದೀನಿ ಅಂತ ಮರ್ಯಾದೆ ಗಿರ್ಯಾದೆ ಶುರು ಮಾಡ್ಬೇಡ. ಅದು ಬೇಕಾದ್ರೆ ಟೀವಿ ಇದೆ.”

ಏಳಕ್ಕೆ ಹತ್ತು ನಿಮಿಷ ಇರುವಾಗ ಅವನು ಸೆಟ್ಟಿನ ಮುಂದೆ ಕೂತ. ವಾಲ್ವಿನ ಬುಡದಲ್ಲಿ ಐದು ಕಡ್ಡಿ, ತಗಡಿನಲ್ಲಿ ಐದು ತೂತು. ಹಿಂದೆಲ್ಲ ಕಣ್ಣು ಮುಚ್ಚಿ ಕೂರಿಸುತ್ತಿದ್ದ. ಮೊದಲ ಸಲ ತಪ್ಪಿತು, ಎರಡನೇ ಸಲ ಗಾಜು ತಗಡಿಗೆ ತಾಗಿ ಸದ್ದಾಯಿತು. ಹೆಂಡತಿ ಅರ್ಧ ಲೋಟ ಚಹಾ ತಂದಿಟ್ಟವಳು ಹಿಂದಿರುಗಲಿಲ್ಲ. ಮೇಜಿನ ದೀಪವನ್ನು ಬಗ್ಗಿಸಿ ತೂತಿನ ಮೇಲೆ ಬೆಳಕು ಬೀಳುವಂತೆ ಹಿಡಿದು ನಿಂತಳು. ಅವನು ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಕೂತಿತು. ಗಾಜಿನೊಳಗೆ ಕೆಂಪು ನಿಧಾನವಾಗಿ ಏರಿತು.

ಗಡಿಯಾರದ ಮುಳ್ಳು ಹನ್ನೆರಡರ ಮೇಲೆ ಬಂದಾಗ ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ‘ನೆಲಮಹಡಿ’ ಗುಂಡಿಯನ್ನು ಒತ್ತಿ ಹಿಡಿದ. ಬಾಯಿ ಇನ್ನೂ ತೆರೆದಿರಲಿಲ್ಲ, ಅಷ್ಟರಲ್ಲಿ ಕೆಳಗಿನಿಂದ ಊರುಗೋಲು ಸೂರಿಗೆ ಎರಡು ಸಲ ಬಡಿಯಿತು.